ಇಮ್ರೋಜ್ ಸಂಪಾದಕರ ಬಲಗೈ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸಿ, ರಜಾಕಾರರ ಹಾವಳಿಯನ್ನು ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಆ ಭಾಷಣಗಳಲ್ಲಿ ಶೋಯೆಬುಲ್ಲಾ ಖಾನ್ ಎಂಬ ಹೆಸರು ಬರುವುದು ಅಪರೂಪ. ಅವರು ಹೈದರಾಬಾದಿನ ಉರ್ದು ಪತ್ರಕರ್ತರು. ದುಡಿಯುತ್ತಿದ್ದ ‘ತಾಜ್’ ಪತ್ರಿಕೆಯನ್ನು ನಿಜಾಮ ಸರ್ಕಾರ ನಿಲ್ಲಿಸಿತು, ಆಮೇಲೆ ಸೇರಿದ ‘ರಯ್ಯತ್’ ಪತ್ರಿಕೆಗೂ ಅದೇ ಗತಿಯಾಯಿತು. 1947ರ ನವೆಂಬರಿನಲ್ಲಿ ತಾವೇ ‘ಇಮ್ರೋಜ್’ ಆರಂಭಿಸಿದರು. ಲಾತೂರಿನ ವಕೀಲ ಖಾಸಿಂ ರಜ್ವಿ ಧರ್ಮದ ಹೆಸರಲ್ಲಿ ರಜಾಕಾರರ ಪಡೆ ಬೆಳೆಸಿ ನಿಜಾಮ ಸರ್ಕಾರವನ್ನೇ ಕುಣಿಸುತ್ತಿದ್ದ ದಿನಗಳವು. ಹೈದರಾಬಾದ್ ಭಾರತಕ್ಕೆ ಸೇರಲಿ, ಈ ದೌರ್ಜನ್ಯ ನಿಲ್ಲಲಿ ಎಂದು ಖಾನ್ ಬರೆದರು. ತಮ್ಮ ವಿರುದ್ಧ ಎತ್ತಿದ ಕೈ ಕಡಿಯಲಾಗುವುದೆಂದು ರಜ್ವಿ ಬಹಿರಂಗವಾಗಿ ಬೆದರಿಸಿದ. 1948ರ ಆಗಸ್ಟ್ 21ರ ರಾತ್ರಿ, ಕಚೇರಿ ಮುಗಿಸಿ ಮನೆಗೆ ಹೊರಟಿದ್ದ ಖಾನರನ್ನು ರಜಾಕಾರರು ಅಡ್ಡಗಟ್ಟಿ ಗುಂಡಿಟ್ಟು, ಬಲಗೈ ಕಡಿದು ಕೊಂದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಧರ್ಮ, ಭಾಷೆ, ರಾಜ್ಯ ಯಾವುದನ್ನು ನೋಡಿದರೂ ಖಾನ್ ರಜ್ವಿಯ ಕಡೆಯವರೇ ಆಗಬೇಕಿತ್ತು. ಅವರು ಹಾಗೆ ಲೆಕ್ಕ ಹಾಕಲಿಲ್ಲ. ಪತ್ರಕರ್ತನ ರಾಜಕೀಯ ಸ್ಥಿರತೆ ಎಂದರೆ ನನ್ನ ಮಟ್ಟಿಗೆ ಇದೇ. ಒಂದು ಪಕ್ಷದ ಜೊತೆ ಕೊನೆತನಕ ನಿಲ್ಲುವುದು ಬೇರೆ, ತನ್ನವರನ್ನೂ ಪರರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಬೇರೆ. ಆ ಅಳತೆಗೋಲು ನಿಜವಾದದ್ದಾದರೆ ಸೆಪ್ಟೆಂಬರ್ 17ರ ಮುಂದಿನ ದಿನಗಳನ್ನೂ ಹೇಳಬೇಕಾಗುತ್ತದೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಲ್ಲೇ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿತು. ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಸಮಿತಿ ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ಒಂದು. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ರಜಾಕಾರರ ಬಗ್ಗೆ ಪುಟಗಟ್ಟಲೆ ಬರೆದು ಇದನ್ನು ಬಿಟ್ಟರೂ, ಇದನ್ನಷ್ಟೇ ಬರೆದು ರಜಾಕಾರರನ್ನು ಮರೆತರೂ ಸತ್ತವರಲ್ಲಿ ಅರ್ಧ ಜನರಿಗೆ ಅನ್ಯಾಯವೇ.

ಇಂದಿನ ಆಳಂದದಲ್ಲಿ ಈ ಅಳತೆಗೋಲಿನ ಪರೀಕ್ಷೆ ದಿನವೂ ನಡೆಯುತ್ತದೆ. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗವಿದೆ. 2022ರ ಶಿವರಾತ್ರಿಯಂದು ಅಲ್ಲಿ ಕಲ್ಲುತೂರಾಟವಾಯಿತು. ಮರುವರ್ಷ ಹೈಕೋರ್ಟ್ 15 ಜನರಿಗೆ ಪೂಜೆಯ ಅವಕಾಶ ಕೊಟ್ಟಿತು. ಕಲ್ಲೆಸೆದವನ ಹೆಸರು ನೋಡಿಕೊಂಡು ಒಬ್ಬನನ್ನು ‘ಭಕ್ತ’, ಇನ್ನೊಬ್ಬನನ್ನು ‘ಕಿಡಿಗೇಡಿ’ ಎಂದು ಬರೆದರೆ ಅಳತೆಗೋಲು ಅಲ್ಲೇ ಮುರಿದಂತೆ. 2023ರ ಚುನಾವಣೆಗೆ ಮುಂಚೆ ಇದೇ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರೆಂದು 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರವಿತ್ತು, ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು. ಅರ್ಜಿ ಹಾಕಿಸಿದವರು ಯಾರು ಎಂದು ಅಂದು ಕೇಳಿದವರು, ತನಿಖೆ ಯಾಕೆ ತಡವಾಯಿತು ಎಂದು ಆಮೇಲೆ ಬಂದ ಸರ್ಕಾರವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಪತ್ರಕರ್ತನಿಗೆ ನಿಲುವೇ ಇರಬಾರದು ಎನ್ನುವವರಿದ್ದಾರೆ. ಬೆದರಿಕೆ ಹಾಕಿದವನ ಮಾತನ್ನೂ ಬೆದರಿದವನ ಮಾತನ್ನೂ ತಲಾ ನಾಲ್ಕು ಸಾಲು ಹಾಕಿದರೆ ಸಾಕು ಎಂಬುದು ಅವರ ವಾದ. ರಜ್ವಿಯ ಭಾಷಣಕ್ಕೂ ಇಮ್ರೋಜಿನ ಸಂಪಾದಕೀಯಕ್ಕೂ ಸಮಪಾಲು ಕೊಟ್ಟಿದ್ದರೆ ಓದುಗನಿಗೆ ಸತ್ಯ ಸಿಗುತ್ತಿರಲಿಲ್ಲ. ಅಭಿಪ್ರಾಯ ಬದಲಾಗಬಾರದೇ ಎಂದೂ ಕೇಳುತ್ತಾರೆ. ಬದಲಾಗಲಿ, ಕಾರಣ ಬರೆದು ಬದಲಾಗಲಿ. ಗೆದ್ದವರ ಮೆರವಣಿಗೆ ಹೊರಟ ದಿನವೇ ಬದಲಾದರೆ ಮಾತ್ರ ಅನುಮಾನ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ತಾಲ್ಲೂಕು ವರದಿಗಾರನಿಗೆ ಸಿಗುವುದು ಪುಡಿಗಾಸು. ಜಾಹೀರಾತು ತರಬೇಕಾದವನೂ ಅವನೇ, ತಾನು ಟೀಕಿಸಿದ ಮುಖಂಡನ ಎದುರು ನಾಳೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕಾದವನೂ ಅವನೇ. ಶೋಯೆಬುಲ್ಲಾ ಆಗು ಎಂದು ಅವನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅವನು ಅಂಜುತ್ತಲೇ ಕಳಿಸಿದ ನೇರ ಸುದ್ದಿಯನ್ನು ಕಲಬುರಗಿಯ, ಬೆಂಗಳೂರಿನ ಡೆಸ್ಕಿನಲ್ಲಿ ತಿಂಗಳ ಸಂಬಳದ ಉಪಸಂಪಾದಕರು ಶಬ್ದ ಬದಲಿಸದೆ ಅಚ್ಚಿಗೆ ಕಳಿಸಬಹುದು, ಕೇಸು ಬಿದ್ದರೆ ಪತ್ರಿಕೆಯೇ ಅವನಿಗೆ ವಕೀಲರನ್ನು ಇಡಬಹುದು.