ಸೋಲುತ್ತಿರೋ ಕೋಚ್‌ನ ಕಳಿಸಬೇಕಾ, ಇನ್ನೊಂದಿಷ್ಟು ದಿನ ಕಾಯಬೇಕಾ? ಬಿಎಫ್‌ಸಿ ಉದಾಹರಣೆ ಏನು ಹೇಳುತ್ತೆ

ತಂಡ ಸಾಲಾಗಿ ಮೂರು ಮ್ಯಾಚ್ ಸೋತರೆ ಸಾಕು, ಟೀ ಅಂಗಡಿಯಿಂದ ವಾಟ್ಸ್‌ಆ್ಯಪ್ ಗ್ರೂಪ್‌ವರೆಗೆ ಒಂದೇ ಮಾತು: ‘ಮೊದಲು ಕೋಚ್‌ನ ಮನೆಗೆ ಕಳಿಸ್ರಿ’. ಹನ್ನೊಂದು ಆಟಗಾರರನ್ನು ಒಟ್ಟಿಗೆ ಬದಲಾಯಿಸಲು ಆಗಲ್ಲ, ಕೋಚ್ ಆದರೆ ಒಬ್ಬರೇ. ಹಾಗಾಗಿ ಕ್ಲಬ್‌ಗಳಿಗೂ ಇದೇ ಸುಲಭದ ದಾರಿ. ಆದರೆ ಇದರಿಂದ ತಂಡ ಸುಧಾರಿಸುತ್ತಾ? ನಮ್ಮದೇ ರಾಜ್ಯದ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ತಂಡದ ಕೆಲವು ವರ್ಷಗಳನ್ನು ನೋಡಿದರೆ ಉತ್ತರ ಅಷ್ಟು ಸರಳವಾಗಿಲ್ಲ.

ಕಾದಿದ್ದಕ್ಕೆ ಫಲ ಸಿಕ್ಕಿತ್ತು

ಇಂಗ್ಲೆಂಡಿನ ಸೈಮನ್ ಗ್ರೇಸನ್ 2022ರ ಜೂನ್‌ನಲ್ಲಿ ಬಿಎಫ್‌ಸಿ ಕೋಚ್ ಆದರು. ಸೆಪ್ಟೆಂಬರ್‌ನಲ್ಲೇ ಡ್ಯುರಾಂಡ್ ಕಪ್ ಬಂತು. ಆದರೆ ಐಎಸ್‌ಎಲ್ ಶುರುವಾದ ಮೇಲೆ ತಂಡ ಮುಗ್ಗರಿಸಿತು. ಮೊದಲ 12 ಪಂದ್ಯಗಳಲ್ಲಿ 8 ಸೋಲು, 3 ಗೆಲುವು, 1 ಡ್ರಾ. ಕೈಯಲ್ಲಿದ್ದದ್ದು ಬರೀ 10 ಪಾಯಿಂಟ್.

ಆಗ ಕೋಚ್‌ನ ತೆಗೆದಿದ್ದರೆ ಯಾರೂ ಆಶ್ಚರ್ಯ ಪಡ್ತಿರಲಿಲ್ಲ. ಕ್ಲಬ್ ತೆಗೆಯಲಿಲ್ಲ. ಉಳಿದ 8 ಲೀಗ್ ಪಂದ್ಯಗಳನ್ನೂ ತಂಡ ಗೆದ್ದಿತು! 34 ಪಾಯಿಂಟ್‌ಗಳೊಂದಿಗೆ ನಾಲ್ಕನೇ ಸ್ಥಾನ, ಅಲ್ಲಿಂದ ಸೀದಾ ಫೈನಲ್. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ನಡೆದ ಆ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಕಪ್ ತಪ್ಪಿತು.

ಅದೇ ಕೋಚ್, ಮುಂದಿನ ಸೀಸನ್

2023-24ರಲ್ಲಿ ಕಥೆ ಉಲ್ಟಾ ಆಯಿತು. ರಾಯ್ ಕೃಷ್ಣ ಒಡಿಶಾ ತಂಡಕ್ಕೆ, ಸಂದೇಶ್ ಝಿಂಗಾನ್ ಗೋವಾ ತಂಡಕ್ಕೆ ಹೋಗಿದ್ದರು. ಲೀಗ್ ಶುರುವಾಗುವ ಹೊತ್ತಿಗೆ ನಾಯಕ ಸುನಿಲ್ ಚೆಟ್ರಿ ಏಷ್ಯನ್ ಗೇಮ್ಸ್‌ಗೆಂದು ಚೀನಾದಲ್ಲಿದ್ದರು. ಮೊದಲ 9 ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಗೆಲುವು. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಎದುರು 0-4ರಿಂದ ಸೋತ ಬೆನ್ನಿಗೇ ಗ್ರೇಸನ್ ಹೊರನಡೆಯಬೇಕಾಯಿತು.

ಹೊಸದಾಗಿ ಬಂದವರು ಸ್ಪೇನ್‌ನ ಜೆರಾರ್ಡ್ ಝರಗೋಝಾ. ಕೋಚ್ ಬದಲಾದ ಕೂಡಲೇ ಟೇಬಲ್ ಬದಲಾಯಿತಾ? ಇಲ್ಲ. 12 ತಂಡಗಳ ಲೀಗ್‌ನಲ್ಲಿ ಬಿಎಫ್‌ಸಿ 10ನೇ ಸ್ಥಾನಕ್ಕೆ ಕುಸಿಯಿತು.

ಆದರೂ ಕ್ಲಬ್ ಝರಗೋಝಾ ಅವರನ್ನು ಉಳಿಸಿಕೊಂಡಿತು. ಅಷ್ಟೇ ಅಲ್ಲ, ರಾಹುಲ್ ಭೆಕೆ, ಆಲ್ಬರ್ಟೊ ನೊಗುವೆರಾ, ಎಡ್ಗರ್ ಮೆಂಡೆಝ್ ಅವರಂಥ ಆಟಗಾರರನ್ನು ತಂದುಕೊಟ್ಟಿತು. 2024-25ರಲ್ಲಿ ತಂಡ ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. ನಾಕೌಟ್‌ನಲ್ಲಿ ಮುಂಬೈಯನ್ನೇ 5-0ಯಿಂದ ಹೊಡೆದು ಫೈನಲ್ ತಲುಪಿತು. ಅಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತದ್ದು ಬೇರೆ ಮಾತು.

ಬದಲಾಯಿಸಿದರೆ ಗೆಲುವು ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. 2018-19ರಲ್ಲಿ ಬಿಎಫ್‌ಸಿಗೆ ಐಎಸ್‌ಎಲ್ ಕಪ್ ಗೆಲ್ಲಿಸಿಕೊಟ್ಟ ಕಾರ್ಲೆಸ್ ಕ್ವಾಡ್ರಾಟ್ ಅವರನ್ನು 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ನಂತರ ಕ್ಲಬ್ ಕೈಬಿಟ್ಟಿತು. ಆ ಸೀಸನ್ ಮುಗಿದಾಗ ತಂಡ ಇದ್ದದ್ದು 7ನೇ ಸ್ಥಾನದಲ್ಲಿ.

ಹೊಸ ಕೋಚ್ ಬಂದ ತಕ್ಷಣ ಎರಡು ಮ್ಯಾಚ್ ಗೆಲ್ಲೋದು ಎಷ್ಟೋ ಸಲ ಕಾಣುತ್ತೆ. ನೆದರ್ಲೆಂಡ್ಸ್ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಇದಕ್ಕೆ ಕಾರಣ ಕೊಟ್ಟಿದೆ. ಕೋಚ್‌ನ ತೆಗೆಯೋದು ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಸ್ವಲ್ಪ ಮೇಲೇಳುವುದು ಸಹಜ. ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚ್‌ನ ಉಳಿಸಿಕೊಂಡ ತಂಡಗಳೂ ಹಾಗೇ ಚೇತರಿಸಿಕೊಂಡಿದ್ದವು.

ಇನ್ನೊಂದು ವಿಷಯ: ಹೊಸ ಆಟಗಾರರನ್ನು ಬೇಕೆಂದಾಗ ಸೇರಿಸಿಕೊಳ್ಳಲು ಬರಲ್ಲ. ಅದಕ್ಕೆ ನಿಗದಿತ ಅವಧಿ ಇದೆ. ಸೀಸನ್ ನಡುವೆ ಬಂದ ಕೋಚ್‌ಗೆ ಸಿಗೋದು ಹಳೇ ಸರಕೇ. ಅಂಗಡಿಯಲ್ಲಿ ಮಾಲೇ ಇಲ್ಲದಿದ್ದರೆ ಗಲ್ಲಾದ ಮೇಲೆ ಯಾರನ್ನು ಕೂರಿಸಿದರೂ ವ್ಯಾಪಾರ ಅಷ್ಟಕ್ಕಷ್ಟೇ.

ಹಾಗಾದರೆ ಏನು ನೋಡಬೇಕು?

ಸ್ಕೋರ್ ಒಂದನ್ನೇ ನೋಡಿದರೆ ಸಾಲದು. ಈ ನಾಲ್ಕು ಪ್ರಶ್ನೆ ಕೇಳಬೇಕು:

1. ತಂಡ ಗೋಲಿನ ಅವಕಾಶ ಸೃಷ್ಟಿಸಿ ಸೋಲುತ್ತಿದೆಯಾ, ಇಲ್ಲಾ ಅವಕಾಶವೇ ಹುಟ್ಟುತ್ತಿಲ್ಲವಾ? ಮೊದಲನೆಯದಾದರೆ ಕಾಯಬಹುದು.
2. ಮುಖ್ಯ ಆಟಗಾರರು ಗಾಯಗೊಂಡಿದ್ದಾರಾ, ತಂಡ ಬಿಟ್ಟಿದ್ದಾರಾ? ಹಾಗಿದ್ದರೆ ತಪ್ಪು ಕೋಚ್ ಒಬ್ಬರದ್ದೇ ಅಲ್ಲ.
3. ಪ್ರತಿ ವಾರ ಅದೇ ತಪ್ಪಾ? ಒಂದೇ ಥರ ಗೋಲು ಬಿಟ್ಟುಕೊಡ್ತಾ ಇದ್ದರೆ ತರಬೇತಿಯಲ್ಲೇ ಕೊರತೆ ಇದೆ.
4. ಆಟಗಾರರು ಕೊನೆ ನಿಮಿಷದವರೆಗೂ ಓಡ್ತಿದ್ದಾರಾ? ಅವರೇ ಕೈಚೆಲ್ಲಿದ್ದರೆ ಕಾದು ಪ್ರಯೋಜನ ಇಲ್ಲ.

ಸಮಯ ಕೊಡೋದು ಅಂದರೆ ಸುಮ್ಮನೆ ಕಾಯೋದಲ್ಲ. ಝರಗೋಝಾಗೆ ಕ್ಲಬ್ ಸಮಯದ ಜೊತೆ ಆಟಗಾರರನ್ನೂ ಕೊಟ್ಟಿತ್ತು. ಸಮಯಕ್ಕೆ ಮಿತಿಯೂ ಬೇಕು. ಸೀಸನ್‌ನ ಅರ್ಧ ದಾಟಿದ ಮೇಲೂ ಈ ನಾಲ್ಕರಲ್ಲಿ ಒಂದೂ ಸುಧಾರಿಸದಿದ್ದರೆ ಕೋಚ್ ಬದಲಾವಣೆ ಸರಿಯೇ. ಅದಕ್ಕೆ ಮುಂಚೆ ಮೂರು ಸೋಲಿಗೇ ಹೆದರಿ ತೆಗೆದಿದ್ದರೆ, ಆ ಎಂಟು ಸತತ ಗೆಲುವನ್ನು ಬಿಎಫ್‌ಸಿ ಅಭಿಮಾನಿಗಳು ನೋಡ್ತಾನೇ ಇರಲಿಲ್ಲವೇನೋ.