ರಾಹುಲರನ್ನು ಬಿಟ್ಟದ್ದು ಸರಿಯೇ?

ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲರನ್ನು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಕೊಳ್ಳಲಿಲ್ಲವೆಂಬ ಕೊರಗು ಉಲ್ಹಾಸನಗರದ ನಮ್ಮ ಹೋಟೆಲು ಬಂಧುಗಳಿಗೆ ಇನ್ನೂ ಹೋಗಿಲ್ಲ. 2024ರ ನವೆಂಬರಿನ ಐಪಿಎಲ್ ಹರಾಜಿನಲ್ಲಿ ದಿಲ್ಲಿಯವರು 14 ಕೋಟಿ ರೂಪಾಯಿಗೆ ಅವರನ್ನು ಪಡೆದರು.

ಲೆಕ್ಕವನ್ನೂ ನೋಡಬೇಡವೇ? ತಂಡಕ್ಕಿದ್ದುದು 120 ಕೋಟಿ. ಕೊಹ್ಲಿ, ಪಾಟೀದಾರ್, ದಯಾಳ್ ಮೂವರಿಗೇ 37 ಕೋಟಿ ಸಂದಿತ್ತು. ಉಳಿದುದರಲ್ಲಿ ಬೌಲರುಗಳ ಕೊರತೆ ನೀಗಿಸಿದರು: ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರರಿಗೆ 10.75, ಕೃಣಾಲ್ ಪಾಂಡ್ಯರಿಗೆ 5.75. ಹೋಟೆಲು ನಡೆಸಿದ ನಾವು ಬಲ್ಲೆವು, ಸಂಬಳವನ್ನೆಲ್ಲ ದೋಸೆ ಭಟ್ಟರಿಗೇ ಸುರಿದರೆ ಹಿಟ್ಟು ರುಬ್ಬುವವರಾರು?

2025ರ ಜೂನ್ 3ರ ಫೈನಲಿನಲ್ಲಿ ಕೃಣಾಲ್ 4 ಓವರುಗಳಲ್ಲಿ 17 ರನ್ನಿತ್ತು 2 ವಿಕೆಟ್ ಪಡೆದರು. ತಂಡ 6 ರನ್ನುಗಳಿಂದ ಗೆದ್ದು ಮೊದಲ ಬಾರಿಗೆ ಕಪ್ಪನ್ನೆತ್ತಿತು. ಆದರೆ ಏಪ್ರಿಲಿನಲ್ಲಿ ರಾಹುಲರು ಚಿನ್ನಸ್ವಾಮಿ ಮೈದಾನದಲ್ಲಿ ಬೆಂಗಳೂರಿಗೇ ಎದುರಾಗಿ ಔಟಾಗದೆ 93 ಹೊಡೆದ ರಾತ್ರಿ ನಮ್ಮವರು ಯಾರ ಪಕ್ಷವಹಿಸಿದರೆಂದು ಮಾತ್ರ ವಾಚಕರು ಕೇಳಬಾರದು.