ನಿಂತ ಗಾಡಿಗೂ ಬಾಡಿಗೆ

ಬೇಸಿಗೆಯ ರಜೆ ಬಂದಿತೆಂದರೆ ಮನೆಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಮಕ್ಕಳಿಗೆ ನೀರಾಟವಿರುವ ಮನೋರಂಜನಾ ಉದ್ಯಾನ ಬೇಕು. ಹರೆಯದವರಿಗೆ ಕ್ರಿಕೆಟ್ ಪಂದ್ಯ ಬೇಕು. ಹಿರಿಯರಿಗೆ ನಾಲ್ಕು ಪುಣ್ಯಸ್ಥಳ ನೋಡಿ ಬಂದರೆ ಸಾಕು. ಎಲ್ಲರ ಇಷ್ಟವನ್ನೂ ಕೇಳಿಕೊಂಡು ಮನೆಯ ಯಜಮಾನರು ಖರ್ಚಿನ ಪಟ್ಟಿ ಬರೆಯಲು ಕೂಡುತ್ತಾರೆ. ವಾಹನದ ಬಾಡಿಗೆ, ಊಟ, ವಸತಿ, ಪ್ರವೇಶ ದರ ಎಂದು ನಾಲ್ಕು ಸಾಲು ಬರೆದು ಕೂಡಿಸುತ್ತಾರೆ. ಐದನೆಯ ಸಾಲೊಂದು ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅದು ವಾಹನ ನಿಲುಗಡೆಯ ಶುಲ್ಕ.

ಕೆಲವು ವರ್ಷಗಳ ಹಿಂದೆ ಮಂಚಿಕೇರಿಯಿಂದ ನಮ್ಮ ಕುಟುಂಬದ ಹನ್ನೆರಡು ಮಂದಿ ಒಂದು ಟೆಂಪೋ ಬಾಡಿಗೆಗೆ ಹಿಡಿದು ಮಹಾನಗರವೊಂದರ ಹೊರಭಾಗದಲ್ಲಿರುವ ಉದ್ಯಾನಕ್ಕೆ ಹೋಗಿದ್ದೆವು. ಹೆಬ್ಬಾಗಿಲಿನಲ್ಲಿಯೇ ವಾಹನಕ್ಕೆ ಚೀಟಿ ಹರಿದರು. ನಮ್ಮ ವಾಹನ ಕಾರಿಗಿಂತ ದೊಡ್ಡದಾದುದರಿಂದ ಅದರ ದರವೂ ದೊಡ್ಡದು. ಟೋಲ್ ಮತ್ತು ಪಾರ್ಕಿಂಗ್ ಬಾಡಿಗೆ ಹಿಡಿದವರದೇ ಎಂದು ಕರಾರಿನಲ್ಲಿ ಬರೆದಿದ್ದುದನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ಮುಂದೆ ಪ್ರವೇಶದ ಕಿಟಕಿಯ ಬಳಿ ತಲೆಗಿಷ್ಟು ಎಂದು ಲೆಕ್ಕ ಹಾಕುತ್ತ ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಅಜ್ಜಿ ಹೇಳಿದರು: "ನೀವೆಲ್ಲ ಹೋಗಿ ಬರ್ರಿ. ನಾ ಇಲ್ಲೇ ಗಾಡ್ಯಾಗ ಕುಂತಿರ್ತೀನಿ. ಗಾಡಿ ನಿಂತಿದ್ದಕ್ಕ ರೊಕ್ಕ ಕೊಟ್ಟೀರಿ, ನಾ ಕುಂತಿದ್ದಕ್ಕ ಬ್ಯಾರೆ ಕೇಳೂದಿಲ್ಲ ಹೌದಲ್ಲೋ?"

ಎಲ್ಲರೂ ನಕ್ಕೆವು. ಆದರೆ ಅಜ್ಜಿ ನಿಜವಾಗಿಯೂ ಹೊರಗೇ ಉಳಿದರು. ಸಂಜೆ ನಾವು ಒದ್ದೆ ಬಟ್ಟೆಯ ಗಂಟು ಹಿಡಿದು ಮರಳಿದಾಗ ಅವರು ರೊಟ್ಟಿಯ ಬುತ್ತಿಯನ್ನು ಚಾಲಕನೊಡನೆ ಹಂಚಿಕೊಂಡು ಉಂಡು, ಬಿಸಿಲಿನಲ್ಲಿ ಕಾದ ಗಾಡಿಯ ನೆರಳಿಗೆ ಕುಳಿತಿದ್ದರು. ಒಂದು ಶುಲ್ಕದಿಂದಲೇ ಹೀಗಾಯಿತೆಂದು ಹೇಳಲಾರೆ. ಆದರೆ ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ ಅವರನ್ನು ಹೊರಗೆ ಕೂರಿಸುವ ಪ್ರಸಂಗ ಬರುತ್ತಿರಲಿಲ್ಲ ಎಂಬ ಮಾತು ಅಂದಿನಿಂದ ಮನಸ್ಸಿನಲ್ಲಿ ಉಳಿದಿದೆ.

ಅಂದಿನ ಜಾತ್ರೆ, ಇಂದಿನ ಜಾತ್ರೆ

ಅಜ್ಜಿಯ ಮಾತಿನ ಹಿಂದೆ ಒಂದು ಕಾಲದ ನೆನಪಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಸಿರ್ಸಿಯ ಮಾರಿಕಾಂಬಾ ಜಾತ್ರೆಗೆ ಹಿಂದಿನವರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಊರ ಹೊರಗಿನ ಬಯಲಿನಲ್ಲಿ ಕೊರಳು ಹರಿದು ಎತ್ತುಗಳನ್ನು ಗಾಲಿಗೆ ಕಟ್ಟಿ, ತಂದ ಹುಲ್ಲನ್ನು ಮುಂದೆ ಹರವಿದರೆ ತೀರಿತು. ರಾತ್ರಿ ಗಾಡಿಯ ಕೆಳಗೇ ಮಲಗುವುದು. ನಿಂತುದಕ್ಕೆ ಹಣ ಕೇಳುವವರೂ ಇರಲಿಲ್ಲ, ಕೊಡುವವರೂ ಇರಲಿಲ್ಲ.

ಇಂದು ಅದೇ ಜಾತ್ರೆಯ ದಿನಗಳಲ್ಲಿ ಸಿರ್ಸಿಯನ್ನು ಪ್ರವೇಶಿಸುವ ರಸ್ತೆಗಳ ಇಕ್ಕೆಲಗಳಲ್ಲಿ ವಾಹನಗಳ ಸಾಲು ಕಾಣುತ್ತದೆ. ಬಯಲು ಕಡಿಮೆಯಾಗಿದೆ, ಗಾಡಿ ಹೆಚ್ಚಾಗಿದೆ. ರಂಗಚಟುವಟಿಕೆಗೆ ಹೆಸರಾದ ನಮ್ಮ ಮಂಚಿಕೇರಿಯಲ್ಲಿಯೂ ನಾಟಕವಿದ್ದ ರಾತ್ರಿ ಬೈಕುಗಳಿಗೆ ಸ್ಥಳ ಹುಡುಕಬೇಕಾಗುತ್ತದೆ. ಬೇಡುವವರು ಹೆಚ್ಚಿ, ಇರುವುದು ಕಡಿಮೆಯಾದ ಯಾವ ವಸ್ತುವಿಗಾದರೂ ಬೆಲೆ ಬರುವುದು ಲೋಕದ ರೂಢಿ. ಭೂಮಿಗೂ ಅದೇ ಆಗಿದೆ.

ಮೂರು ಅಡಿಕೆ ಮರದ ಜಾಗ

ಒಂದು ಕಾರು ನಿಲ್ಲಲು ಎಷ್ಟು ಜಾಗ ಬೇಕು? ತೆರೆದ ನಿಲುಗಡೆಯಲ್ಲಿ ಒಳಬರುವ, ಹೊರಹೋಗುವ ದಾರಿಯನ್ನೂ ಸೇರಿಸಿ ಒಂದು ಕಾರಿಗೆ ಸುಮಾರು 23 ಚದರ ಮೀಟರ್ ಎಂದು ನಗರ ಯೋಜಕರು ಲೆಕ್ಕ ಹಿಡಿಯುತ್ತಾರೆ. ನಮ್ಮ ತೋಟಿಗರಿಗೆ ಇದು ಬೇಗ ಅರ್ಥವಾಗುವ ಅಳತೆ. ಅಡಿಕೆ ಸಸಿಗಳನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಮರಕ್ಕೆ ಏಳು ಚದರ ಮೀಟರಿಗಿಂತ ತುಸು ಹೆಚ್ಚು ಭೂಮಿ ಬೇಕು. ಅಂದರೆ ಒಂದು ಕಾರು ನಿಲ್ಲುವುದು ಮೂರು ಅಡಿಕೆ ಮರದ ಜಾಗದಲ್ಲಿ. ಒಂದು ಎಕರೆ ಬಯಲಿನಲ್ಲಿ ಹೆಚ್ಚೆಂದರೆ 175 ಕಾರು ನಿಲ್ಲಬಹುದು.

ಈಗ 40,000 ಜನ ಕೂಡುವ ಒಂದು ಕ್ರೀಡಾಂಗಣವನ್ನು ಊಹಿಸಿಕೊಳ್ಳೋಣ. ಕಾರಿಗೆ ನಾಲ್ವರಂತೆ ಎಲ್ಲರೂ ಕಾರಿನಲ್ಲಿಯೇ ಬಂದರೆ 10,000 ಕಾರು. ಅವುಗಳಿಗೆ 57 ಎಕರೆ ಭೂಮಿ. ಅಷ್ಟು ಭೂಮಿ ನಗರದ ನಡುವೆ ಎಲ್ಲಿಂದ ಬರಬೇಕು? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇರುವುದು ಇಂಥ ಇಕ್ಕಟ್ಟಿನಲ್ಲಿಯೇ. ಅಲ್ಲಿ ಪಂದ್ಯವಿದ್ದ ದಿನಗಳಲ್ಲಿ ಸುತ್ತಲಿನ ರಸ್ತೆಗಳಲ್ಲಿ ನಿಲುಗಡೆ ನಿಷೇಧಿಸಿ, ವಾಹನಗಳನ್ನು ದೂರದ ಮೈದಾನಗಳಿಗೆ ಕಳುಹಿಸುವುದು ಪೊಲೀಸರ ವಾಡಿಕೆಯಾಗಿತ್ತು. 2016ರಲ್ಲಿ ಸಮೀಪದಲ್ಲಿಯೇ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ತೆರೆದ ಮೇಲೆ ಅನೇಕ ಪ್ರೇಕ್ಷಕರು ಕಾರಿನ ಗೋಜನ್ನೇ ಬಿಟ್ಟರು.

ದರ ಏರುವುದೇಕೆ?

ಭೂಮಿಯ ಅಭಾವವೊಂದೇ ದರ ಏರಲು ಕಾರಣವಾಗಿದ್ದರೆ ಊರ ಹೊರಗಿನ ಉದ್ಯಾನಗಳಲ್ಲಿ ನಿಲುಗಡೆ ಅಗ್ಗವಾಗಿರಬೇಕಿತ್ತು. ಹಾಗಿಲ್ಲ. ಅಮೆರಿಕದ ಅನಾಹೈಮ್ ಎಂಬಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಉದ್ಯಾನ ಆರಂಭವಾದಾಗ ಕಾರು ನಿಲ್ಲಿಸಲು 25 ಸೆಂಟ್ ಕೊಡಬೇಕಿತ್ತು. ಈಗ ಅದು 30 ಡಾಲರನ್ನು ಮೀರಿದೆ. ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗಿ ಬಂದ ನಮ್ಮ ಹಿರಿಯರು ಉದ್ಯಾನದ ಬಣ್ಣನೆಯ ಜೊತೆಗೆ ಈ ಮಾತನ್ನೂ ಹೇಳುತ್ತಾರೆ.

ಕಾರಣ ಗಹನವಾದುದೇನಲ್ಲ. ನೂರಾರು ಕಿಲೋಮೀಟರ್ ಪ್ರಯಾಣ ಮಾಡಿ, ಮಕ್ಕಳ ಉತ್ಸಾಹವನ್ನು ಬೆನ್ನಿಗೆ ಕಟ್ಟಿಕೊಂಡು ಬಾಗಿಲವರೆಗೆ ಬಂದ ಕುಟುಂಬ ನಿಲುಗಡೆಯ ದರ ಕೇಳಿ ಹಿಂದಿರುಗುವುದಿಲ್ಲ. ಇದು ವ್ಯವಹಾರಸ್ಥರಿಗೆ ಗೊತ್ತು. ಪ್ರವೇಶ ದರವನ್ನು ಜನ ಹೋಲಿಸಿ ನೋಡುತ್ತಾರೆ, ನಿಲುಗಡೆಯ ದರವನ್ನು ನೋಡುವುದಿಲ್ಲ. ಆದುದರಿಂದ ಏರಿಕೆ ಕಣ್ಣಿಗೆ ಬೀಳದ ಕಡೆ ಆಗುತ್ತದೆ.

ಹಾಗೆಂದು ಎಲ್ಲ ಕಡೆ ಉಚಿತವಾಗಿ ಬಿಡಬೇಕೆಂದು ಹೇಳುವುದೂ ಸರಿಯಲ್ಲ. ಡೊನಾಲ್ಡ್ ಶೂಪ್ ಎಂಬ ಅಮೆರಿಕದ ಪ್ರಾಧ್ಯಾಪಕರು 2005ರಲ್ಲಿ ಈ ವಿಷಯವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಬರೆದರು. ಉಚಿತ ನಿಲುಗಡೆ ಎಂಬುದು ನಿಜವಾಗಿ ಉಚಿತವಲ್ಲ. ಅದರ ವೆಚ್ಚ ಬೇರೆ ಸರಕುಗಳ ಬೆಲೆಯಲ್ಲಿ ಸೇರಿಕೊಂಡು, ಕಾರಿಲ್ಲದವರ ಮೇಲೂ ಬೀಳುತ್ತದೆ ಎಂಬುದು ಅವರ ವಾದ. ಬಸ್ಸಿನಲ್ಲಿ ಬಂದ ಬಡವ ಕಾರಿನಲ್ಲಿ ಬಂದವನ ಜಾಗದ ಬಾಡಿಗೆ ಏಕೆ ತೆರಬೇಕು? ಇದು ನ್ಯಾಯವಾದ ಪ್ರಶ್ನೆ. ಅವರು ಇನ್ನೊಂದು ಸಲಹೆಯನ್ನೂ ಕೊಟ್ಟರು: ಸಂಗ್ರಹವಾದ ಹಣ ಅದೇ ಸ್ಥಳದ ಒಳಿತಿಗೆ ವೆಚ್ಚವಾಗಬೇಕು. ಶುಲ್ಕ ನ್ಯಾಯವೋ ಅನ್ಯಾಯವೋ ಎಂದು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು.

ನಮ್ಮ ಜಲಪಾತಗಳ ಬಳಿ

ಈ ತಕ್ಕಡಿಯನ್ನು ಹಿಡಿದು ನಮ್ಮ ಸೀಮೆಯನ್ನೇ ನೋಡೋಣ. ಬೇಡ್ತಿ ನದಿಯ ಮಾಗೋಡು ಜಲಪಾತ, ಯಲ್ಲಾಪುರ ತಾಲ್ಲೂಕಿನ ಸಾತೊಡ್ಡಿ, ಸಿರ್ಸಿಯಿಂದ ಕುಮಟಾ ಕಡೆಗಿರುವ ಯಾಣ, ಸಿದ್ದಾಪುರದ ಗಡಿಯಾಚೆಯ ಜೋಗ ಇವೆಲ್ಲ ಒಂದು ಕಾಲಕ್ಕೆ ನಡೆದು ಹೋಗಿ ನೋಡುವ ತಾಣಗಳಾಗಿದ್ದವು. ಈಗ ರಜೆಯ ದಿನಗಳಲ್ಲಿ ಕಾಡಿನ ಕಿರಿದಾದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟುತ್ತವೆ.

1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳು ಬೆಳೆದುಬಂದವು. ಹಲವು ಪ್ರವಾಸಿ ತಾಣಗಳಲ್ಲಿ ವಾಹನ ಶುಲ್ಕ ಸಂಗ್ರಹಿಸುವವರು ಇಂಥ ಸಮಿತಿಯವರೇ. ಚೀಟಿ ಕೊಡುವ ಹುಡುಗ ಪಕ್ಕದ ಹಳ್ಳಿಯವನು. ಪ್ರವಾಸಿಗರು ಎಸೆದುಹೋದ ಬಾಟಲಿ, ತಟ್ಟೆಗಳನ್ನು ಆರಿಸುವವರೂ, ಕಾಲುಹಾದಿಯ ಮೆಟ್ಟಿಲು ಸರಿಪಡಿಸುವವರೂ ಆ ಊರಿನವರೇ. ಇಂಥ ಕಡೆ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುವುದು ನಮಗೆ ಶೋಭಿಸುವುದಿಲ್ಲ. ಕೊಡುವ ಹಣ ಹಳ್ಳಿಯಲ್ಲಿಯೇ ಉಳಿದು ಕಾಡನ್ನೂ ಕೆಲಸವನ್ನೂ ಕಾಯುವುದಾದರೆ ಅದು ದಂಡವಲ್ಲ.

ಸಮಿತಿಗಳ ಮೇಲೆಯೂ ಒಂದು ಹೊಣೆಯಿದೆ. ಯಾವ ವಾಹನಕ್ಕೆ ಎಷ್ಟು ದರ, ಕಳೆದ ವರ್ಷ ಎಷ್ಟು ಸಂಗ್ರಹವಾಯಿತು, ಯಾವುದಕ್ಕೆ ವೆಚ್ಚವಾಯಿತು ಎಂಬ ಫಲಕವೊಂದನ್ನು ನೆಟ್ಟರೆ ಕೇಳುವವರ ಬಾಯಿ ತಾನಾಗಿ ಮುಚ್ಚುತ್ತದೆ. ಶೌಚಾಲಯಕ್ಕೆ ನೀರಿಲ್ಲದ, ನೆರಳಿಗೊಂದು ಚಪ್ಪರವಿಲ್ಲದ ಕಡೆ ದರ ಮಾತ್ರ ವರ್ಷವರ್ಷವೂ ಏರಿದರೆ ಪ್ರವಾಸಿ ಗೊಣಗುವುದು ತಪ್ಪಲ್ಲ.

ಚೀಟಿಯ ಮೇಲಿನ ಸಣ್ಣ ಅಕ್ಷರ

ನಿಲುಗಡೆಯ ಚೀಟಿಗಳಲ್ಲಿ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ: ವಾಹನಗಳಿಗೆ ಮಾಲೀಕರೇ ಜವಾಬ್ದಾರರು. ಹಾಗಾದರೆ ಕೊಟ್ಟ ಹಣ ಯಾವುದಕ್ಕೆ ಎಂಬ ಸಂಶಯ ಸಹಜ. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಕಾರನ್ನು ಬೀಗದ ಕೈಯೊಡನೆ ಅಲ್ಲಿನ ಸಿಬ್ಬಂದಿಗೆ ಒಪ್ಪಿಸಿದರು. ಕಾರು ಕಳವಾಯಿತು. ಹೋಟೆಲಿನವರು ಚೀಟಿಯ ಇದೇ ಸಾಲನ್ನು ತೋರಿಸಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2019ರ ನವೆಂಬರ್‌ನಲ್ಲಿ ತೀರ್ಪು ಬಂದಿತು. ವಾಹನವನ್ನು ತಮ್ಮ ವಶಕ್ಕೆ ಪಡೆದವರು ಅದನ್ನು ಜೋಪಾನ ಮಾಡಬೇಕು. ತಮ್ಮ ಅಲಕ್ಷ್ಯದಿಂದ ಕಳವಾದರೆ ಚೀಟಿಯ ಸಾಲಿನ ಮರೆಯಲ್ಲಿ ಅಡಗಿಕೊಳ್ಳುವಂತಿಲ್ಲ ಎಂಬುದು ಅದರ ಸಾರ.

ಇದನ್ನು ಎಲ್ಲ ಬಗೆಯ ನಿಲುಗಡೆಗೂ ಹಾಗೆಯೇ ಅನ್ವಯಿಸಿಕೊಳ್ಳಬಾರದು. ನಾವೇ ಗಾಡಿ ನಿಲ್ಲಿಸಿ, ಬೀಗದ ಕೈಯನ್ನು ನಮ್ಮ ಜೇಬಿನಲ್ಲಿಟ್ಟುಕೊಂಡಾಗ ಪರಿಸ್ಥಿತಿ ಬೇರೆ. ಆದರೂ ಚೀಟಿಯೇ ಇಲ್ಲದಿದ್ದರೆ ಯಾವ ಮಾತಿಗೂ ಆಧಾರವಿರುವುದಿಲ್ಲ. ಚೀಟಿ ಕೇಳಿ ಪಡೆಯುವುದು, ಮನೆ ಮುಟ್ಟುವವರೆಗೆ ಅದನ್ನು ಇಟ್ಟುಕೊಳ್ಳುವುದು ಎಲ್ಲರೂ ರೂಢಿಸಿಕೊಳ್ಳಬೇಕಾದ ಅಭ್ಯಾಸ.

ಹೊರಡುವ ಮುನ್ನ

ಪ್ರವಾಸದ ಪಟ್ಟಿಯಲ್ಲಿ ಐದನೆಯ ಸಾಲನ್ನು ಮರೆಯದೆ ಬರೆಯಿರಿ. ಬಾಡಿಗೆ ವಾಹನವಾದರೆ ನಿಲುಗಡೆಯ ಹಣ ಯಾರದೆಂದು ಮೊದಲೇ ಮಾತನಾಡಿಕೊಳ್ಳಿ. ಉದ್ಯಾನಕ್ಕೆ ದೂರವಾಣಿ ಮಾಡಿ, ದರ ದಿನಕ್ಕೋ ಗಂಟೆಗೋ ಎಂದು ವಿಚಾರಿಸಿ. ಶುಲ್ಕ ಉಳಿಸಲೆಂದು ಗಾಡಿಯನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವ ಸಾಹಸ ಎಂದೂ ಬೇಡ. ಕಾಲುನೋವಿನ ಹಿರಿಯರನ್ನು ಬಾಗಿಲಲ್ಲಿ ಇಳಿಸಿ, ಆಮೇಲೆ ಗಾಡಿಯನ್ನು ದೂರಕ್ಕೆ ಒಯ್ಯಿರಿ. ಬಸ್ಸಿನಲ್ಲಿ ಹೋಗಲು ಸಾಧ್ಯವೇ ಎಂದು ಒಮ್ಮೆ ಯೋಚಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಾಗಿನಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವೂ ಇಲ್ಲ.

2024ರ ಮಾರ್ಚ್ ತಿಂಗಳ ಸಿರ್ಸಿ ಜಾತ್ರೆಗೆ ನಾವು ಹಾಗೆಯೇ ಹೋದೆವು. ಮಂಚಿಕೇರಿಯಲ್ಲಿ ಬಸ್ಸು ಹತ್ತಿದೆವು. ಅಜ್ಜಿಗೆ ಕಿಟಕಿಯ ಪಕ್ಕದ ಆಸನ ಸಿಕ್ಕಿತು. ನಿರ್ವಾಹಕರು ಕೊಟ್ಟ ಶೂನ್ಯ ಟಿಕೆಟನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಿಡ್ಕಿಬೈಲಿನ ಗದ್ದುಗೆಯ ಎದುರು ಕೈಮುಗಿದು, ಮೊಮ್ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸಿ, ನೆರಳಿಗೆ ಕುಳಿತಾಗ ಅವರು ಕೇಳಿದರು: "ಇವತ್ತ ಗಾಡಿ ಎಲ್ಲಿ ನಿಲ್ಸೀದ್ಯೋ?"

"ಗಾಡಿ ತಂದಿಲ್ಲಜ್ಜಿ, ಬಸ್ಸಿನಾಗ ಬಂದೀವಲ್ಲ" ಎಂದೆ.

"ಚಲೋ ಆತು. ಇವತ್ತ ನಾನೂ ಒಳಗ ಬಂದೆ" ಎಂದರು.